ಎಂಜಿನ್ ನಿಂತರೆ ಏನು ಗತಿ?

ಮಕ್ಕಳೇ, ವೈಟ್‌ಫೀಲ್ಡ್‌ಗೆ ಹೋಗುವ ಹಾದಿಯಲ್ಲಿ ಸಿಗುವ ಎಚ್‌ಎಎಲ್‌ನ ‘ಧ್ರುವ’ ಹೆಲಿಕಾಪ್ಟರ್ ಮೊದಲ ಸಲ ಹಾರಿದ್ದು 1992ರಲ್ಲಿ. ಆ ಸದ್ದು ಕೇಳಿ “ನಾನೂ ಪೈಲಟ್ ಆಗ್ತೀನಿ” ಅನ್ನುವ ಮಕ್ಕಳು ಈಗಲೂ ಇದ್ದಾರೆ. ನನ್ನಂಥ ಅಜ್ಜಿಯರಿಗೆ ಮಾತ್ರ ಒಂದೇ ಭಯ: ಮೇಲೆ ಎಂಜಿನ್ ನಿಂತುಹೋದರೆ?

ಅದಕ್ಕೂ ಪಾಠವಿದೆ. ಪೈಲಟ್ ಎಡಗೈಯ ಹಿಡಿಕೆಯನ್ನು ತಟ್ಟನೆ ಕೆಳಗಿಳಿಸಬೇಕು. ಆಗ ಕೆಳಗಿನಿಂದ ನುಗ್ಗುವ ಗಾಳಿಯೇ ರೆಕ್ಕೆಗಳನ್ನು ಜಾತ್ರೆಯ ಗಿರಗಿಟ್ಲೆಯಂತೆ ತಿರುಗಿಸುತ್ತಿರುತ್ತದೆ. ನೆಲ ಹತ್ತಿರವಾದಾಗ ಹಿಡಿಕೆ ಮೇಲೆತ್ತಿದರೆ ಮೆಲ್ಲಗೆ ಇಳಿಯಬಹುದು. ಗುರುಗಳು ಪಕ್ಕದಲ್ಲೇ ಕುಳಿತು ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ವಾಣಿಜ್ಯ ಪೈಲಟ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 150 ಗಂಟೆ ಹಾರಿರಬೇಕು. ಅಲ್ಲಿಯವರೆಗೆ ಗಣಿತ, ಭೌತಶಾಸ್ತ್ರದ ಕೈ ಬಿಡಬೇಡಿ. ಅಜ್ಜ ಅಜ್ಜಿಯರೇ, ಬೇಡ ಎನ್ನುವ ಮೊದಲು ಈ ಪಾಠವನ್ನು ಮೊಮ್ಮಕ್ಕಳ ಬಾಯಿಂದಲೇ ಒಮ್ಮೆ ಕೇಳಿ.