ಅಜ್ಜನ ಕಾಲಿಗೆ ಎಂಥ ಬೂಟು?

ಮಕ್ಕಳೇ, ಯಲವಿಗಿ, ಸವಣೂರು ಕಡೆಯ ಹಳೇ ಬಡಿಗೇರರು ನೆಲದ ಮೇಲೆ ಕೂತು, ಕಟ್ಟಿಗೆಯನ್ನು ಪಾದಗಳಿಂದಲೇ ಒತ್ತಿ ಹಿಡಿದು ಉಳಿ ಹೊಡೆಯುವುದನ್ನು ನೋಡಿದ್ದೀರಾ? ಆ ಕೆಲಸಕ್ಕೆ ಬರಿಗಾಲೇ ಬೇಕು. ಆದರೆ ಮನೆಯ ಮೂಲೆಯಲ್ಲಿ ಮೇಜು ಹಾಕಿ, ಡ್ರಿಲ್ ಹಿಡಿದು ನಿಂತುಕೊಂಡು ಕೆಲಸ ಮಾಡುವ ಅಜ್ಜನಿಗೆ ಬೂಟು ಬೇಕು. ಫರಸಿ ಕಲ್ಲಿನ ಮೇಲೆ ತಾಸುಗಟ್ಟಲೆ ನಿಂತರೆ ಹಿಮ್ಮಡಿ ನೋಯುತ್ತದೆ. ಹವಾಯಿ ಚಪ್ಪಲಿಯನ್ನಂತೂ ಮೊಳೆ ಸಲೀಸಾಗಿ ದಾಟಿ ಬರುತ್ತದೆ. ನಮ್ಮ ಧಾರವಾಡ, ಬೆಳಗಾವಿ ಜಿಲ್ಲೆಗಳೂ ಸೇರಿ 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿ ಜಾತ್ರೆಗೆ ಚೆಂದ; ಸುತ್ತಿಗೆ ಜಾರಿ ಬಿದ್ದರೆ ಬೆರಳಿಗೆ ಅದರಿಂದ ರಕ್ಷಣೆ ಇಲ್ಲ.

ಬೆರಳು ಮುಚ್ಚುವ, ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ದಪ್ಪ ತಳದ ಲೇಸ್ ಬೂಟು ಆರಿಸಿ. ಬಗ್ಗಿಸಿ ನೋಡಿ: ಬೆರಳಿನ ಬುಡದಲ್ಲಿ ಬಗ್ಗಬೇಕು, ನಟ್ಟನಡುವೆ ಅಲ್ಲ.

ಅಳತೆ ನಿಮ್ಮ ಕೆಲಸ. ಸಂಜೆ ಪಾದ ತುಸು ಉಬ್ಬಿರುತ್ತದೆ. ಆಗ ಅಜ್ಜನನ್ನು ಕಾಗದದ ಮೇಲೆ ನಿಲ್ಲಿಸಿ, ಎರಡೂ ಪಾದಗಳ ಸುತ್ತ ಗೆರೆ ಎಳೆದು, ಕಾಗದ ಕತ್ತರಿಸಿಕೊಳ್ಳಿ. ಅಂಗಡಿಯಲ್ಲಿ ಬೂಟಿನೊಳಗೆ ಇಟ್ಟಾಗ ಅದರ ಅಂಚು ಮಡಚಿಕೊಂಡರೆ ಆ ಬೂಟು ಬೇಡ. ಮುಂದೆ ಹೆಬ್ಬೆರಳಗಲ ಜಾಗ ಇರಲಿ.

ಅಜ್ಜಂದಿರೇ, ಸಕ್ಕರೆ ಕಾಯಿಲೆ ಇದ್ದವರಿಗೆ ಮೊಳೆ ಚುಚ್ಚಿದ್ದೂ ಗೊತ್ತಾಗದೇ ಇರಬಹುದು; ಸಣ್ಣ ಗಾಯ ಹುಣ್ಣಾಗುತ್ತದೆ. ಬೂಟನ್ನು ಕೊಡವಿಯೇ ಹಾಕಿಕೊಳ್ಳಿ. ರಾತ್ರಿ ಮೊಮ್ಮಕ್ಕಳಿಗೆ ಅಂಗಾಲು ತೋರಿಸಿ, ಅವರ ಕಣ್ಣು ಚುರುಕು.