ಬಿದ್ರಿಯ ಕಪ್ಪು ಯಾವ ಪೀರಿಯಡ್‌ನಲ್ಲಿ ಬರುತ್ತದೆ?

ಹತ್ತನೇ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಅಧ್ಯಾಯದಲ್ಲೇ ಸ್ಥಾನಪಲ್ಲಟ ಕ್ರಿಯೆ ಬರುತ್ತದೆ: ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಸತು ಹಾಕಿದರೆ ತಾಮ್ರ ಹೊರಬೀಳುತ್ತದೆ. ಬೀದರಿನ ಮಕ್ಕಳೂ ಸಮೀಕರಣ ಬಾಯಿಪಾಠ ಮಾಡಿ ಅಂಕ ತೆಗೆಯುತ್ತಾರೆ. ಅದೇ ಊರಿನ ಬಿದ್ರಿ ಲೋಹಕಲೆಯ ಕೆಲಸಗಾರ, ಅಚ್ಚಿನಿಂದ ತೆಗೆದು ಅರ ಹಾಕಿದ ಹೂಜಿಗೆ ಮೈಲುತುತ್ತದ ನೀರು ಸವರುತ್ತಾನೆ. ಬೆಳ್ಳಗಿದ್ದ ಮೈ ಕಪ್ಪಾಗುತ್ತದೆ. ಅದರ ಮೇಲೆ ಉಳಿಯಿಂದ ಗೀರಿದ ಬಳ್ಳಿ ಬೆಳ್ಳಗೆ ಎದ್ದು ಕಾಣುತ್ತದೆ. ಹೂಜಿಯ ಬಹುಪಾಲು ಸತು, ಮೈಲುತುತ್ತ ಅದೇ ತಾಮ್ರದ ಸಲ್ಫೇಟ್. ಪಾಠ ಅಂಗಡಿಯಲ್ಲಿ ನಡೆಯುತ್ತಿದೆ, ಪರೀಕ್ಷೆ ಶಾಲೆಯಲ್ಲಿ. ಇವೆರಡು ಒಂದೇ ಎಂದು ಹೇಳುವುದು ಯಾವ ಮೇಷ್ಟರ ಪಾಲಿಗೂ ಬಂದಿಲ್ಲ.

ಈ ಕಪ್ಪು ತಾತ್ಕಾಲಿಕ. ಕೊನೆಯ, ಉಳಿಯುವ ಕಪ್ಪಿಗೆ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಬೇಕು. ಕೋಟೆಯ ಮಣ್ಣೇ ಏಕೆ? ‘ಅದಕ್ಕೆ ಆ ಗುಣ ಇದೆ’ ಎಂದರೆ ಪ್ರಶ್ನೆಯನ್ನೇ ತಿರುಗಿಸಿ ಒಪ್ಪಿಸಿದಂತೆ. ಒಂದು ಮೆಟ್ಟಿಲು ಕೆಳಗಿಳಿಯೋಣ. ಮನುಷ್ಯರೂ ಕುದುರೆಗಳೂ ಶತಮಾನಗಟ್ಟಲೆ ಇದ್ದ ಕಡೆ ಕೊಳೆತದ್ದನ್ನು ಸೂಕ್ಷ್ಮಜೀವಿಗಳು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ನೀರಿನಲ್ಲಿ ಸುಲಭವಾಗಿ ಕರಗುತ್ತದೆ, ಬಯಲಿನಲ್ಲಿದ್ದರೆ ಮಳೆಗೆ ತೊಳೆದುಹೋಗುತ್ತದೆ. ಹಾಗಾಗಿ ಮಳೆ ತಾಕದ ಹಳೆಯ ಗೋಡೆಯ ಮರೆಯಲ್ಲಿ ಅದು ಉಳಿದಿರಬೇಕು. ಕೆಲಸಗಾರರು ಮಣ್ಣನ್ನು ನಾಲಿಗೆಗೆ ಹಚ್ಚಿ ಆರಿಸುವುದೂ ಆಗ ವಿಚಿತ್ರವೆನಿಸುವುದಿಲ್ಲ; ಉಪ್ಪಿನ ಅಂಶಕ್ಕೆ ರುಚಿ ಇದೆಯಲ್ಲ. ಇಲ್ಲಿ ರಸಾಯನಶಾಸ್ತ್ರ ಎಲ್ಲಿ ಮುಗಿಯಿತು, ಜೀವಶಾಸ್ತ್ರ, ಇತಿಹಾಸ ಎಲ್ಲಿ ಶುರುವಾದವು? ಆ ಗೆರೆಗಳು ಶಾಲೆಯ ವೇಳಾಪಟ್ಟಿಯವು, ಮಣ್ಣಿನವಲ್ಲ.

ಮೂಲದಿಂದ ಯೋಚಿಸುವುದೆಂದರೆ ನನ್ನ ಪ್ರಕಾರ ಇಷ್ಟೇ: ರೂಢಿಯ ಕೆಳಗಿರುವ ಕಾರಣವನ್ನು ಹಿಡಿದು, ಆ ರೂಢಿ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ ಎಂದು ಹೇಳಬಲ್ಲವರಾಗುವುದು. ಬೀದರ್ ಪಕ್ಕದ ನೌಬಾದಿನ ಕಾರೇಜ್ ಇದಕ್ಕೆ ಒಳ್ಳೆಯ ಸಾಕ್ಷಿ. ನೆಲದಡಿಯ ಸುರಂಗದಲ್ಲಿ ನೀರನ್ನು ಇಳಿಜಾರಿನ ಬಲದಿಂದಲೇ ಹರಿಸುವ ವಿದ್ಯೆ ಪರ್ಷಿಯಾದಿಂದ ಬಹಮನಿಗಳ ಕಾಲದಲ್ಲಿ ಇಲ್ಲಿಗೆ ಬಂತು. ಅಲ್ಲಿ ಬೆಟ್ಟದ ಬುಡದ ಮೆಕ್ಕಲು. ಬೀದರಿನಲ್ಲಿ ತೂತುತೂತಾದ ಕೆಂಪು ಮುರಕಲ್ಲು, ಅದರಡಿ ನೀರನ್ನು ಸುಲಭಕ್ಕೆ ಬಿಡದ ಕರಿಕಲ್ಲು. ಇಂಗಿದ ನೀರು ಇವೆರಡು ಸೇರುವಲ್ಲಿ ನಿಲ್ಲುತ್ತದೆ. ಬಂದವರು ನಕ್ಷೆಯನ್ನಷ್ಟೇ ನಕಲು ಮಾಡಿದ್ದರೆ ಒಣ ಸುರಂಗ ಸಿಗುತ್ತಿತ್ತು.

ಹೀಗೆ ಮೂಲದಿಂದ ಯೋಚಿಸುವುದು ವಿಜ್ಞಾನಕ್ಕಷ್ಟೇ ಸೇರಿದ್ದಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರು. ಶಾಲೆಗೆ ಯಾವುದಿಲ್ಲದಿದ್ದರೂ ನಡೆಯುತ್ತದೆ, ಯಾವುದಿಲ್ಲದಿದ್ದರೆ ನಡೆಯುವುದಿಲ್ಲ ಎಂಬುದು ಅವರಿಗೆ ಸ್ಪಷ್ಟವಿತ್ತು.

ಹಾಗೆಂದು ಬಾಯಿಪಾಠವನ್ನು ಹೀಯಾಳಿಸುವವರ ಗುಂಪಿಗೆ ನಾನು ಸೇರಲಾರೆ. ಬೀದರ್ ಈಗ ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನ ತಯಾರಿಯ ಊರು. 2025ರಿಂದ ಆ ಪರೀಕ್ಷೆಯಲ್ಲಿ 180 ಪ್ರಶ್ನೆಗೆ 180 ನಿಮಿಷ. ಒಂದು ನಿಮಿಷದಲ್ಲಿ ಯಾರೂ ಬುಡಕ್ಕೆ ಇಳಿಯಲಾರರು, ನೆನಪೇ ಗತಿ. ಬಿದ್ರಿಯ ಕೈಗೂ ಸಮೀಕರಣ ಬೇಕಾಗಿರಲಿಲ್ಲ. ಎಲ್ಲವನ್ನೂ ಪ್ರಶ್ನಿಸುತ್ತ ಕೂತರೆ ಬೆಳಗಿನ ಚಹಾ ಕೂಡ ಆಗುವುದಿಲ್ಲ. ಹಳೆಯ ಉತ್ತರ ಹೊಸ ಜಾಗಕ್ಕೆ ಬಂದಾಗ, ಇಲ್ಲವೇ ತಪ್ಪಿದರೆ ನಷ್ಟ ದೊಡ್ಡದಾಗಿದ್ದಾಗ ಮಾತ್ರ ಅಗೆಯಬೇಕು.

ಔರಾದ್ ಕಡೆಯ ಎರೆ ಹೊಲದಲ್ಲಿ ಬೋರ್ ಕೊರೆಸುವ ರೈತ ಅಂಥ ಜಾಗದಲ್ಲಿದ್ದಾನೆ. ಪಕ್ಕದ ಹೊಲದಲ್ಲಿ ನೀರು ಬಿತ್ತೆಂದು ಸಾಲ ಎತ್ತುತ್ತಾನೆ. ಕರಿಕಲ್ಲಿನಲ್ಲಿ ನೀರಿರುವುದು ಬಿರುಕುಗಳಲ್ಲಿ, ಕಳಿತ ಪದರಗಳಲ್ಲಿ. ನಾಲ್ಕು ಹೆಜ್ಜೆ ಆಚೆ ಅದು ಇಲ್ಲದಿರಬಹುದು. ಇದ್ದರೂ ಆ ಬಿರುಕು ಪಕ್ಕದವನ ಬೋರಿಗೇ ಕೂಡಿರಬಹುದು. ಆಗ ಹೊಸ ನೀರೇನೂ ಬರಲಿಲ್ಲ, ಇದ್ದದ್ದೇ ಎರಡು ಪಾಲಾಯಿತು. ಅಲ್ಲಿಂದ ಮುಂದೆ ಅದು ಭೂವಿಜ್ಞಾನದ ಪ್ರಶ್ನೆಯಲ್ಲ. ಇಬ್ಬರೂ ಎಷ್ಟು ಹೊತ್ತು ಪಂಪು ಓಡಿಸಬೇಕು, ಬೇಸಿಗೆಯಲ್ಲಿ ಯಾರು ಯಾವ ಬೆಳೆ ಬಿಡಬೇಕು ಎಂದು ಕೂತು ಮಾತಾಡುವ ಪ್ರಶ್ನೆ. ರಿಗ್ ಏಜೆಂಟನ ಬಳಿ ಅದಕ್ಕೆ ದರಪಟ್ಟಿ ಇಲ್ಲ.