ಊರು ಬದಲಾದರೆ ಸಂಬಳವೂ ಬದಲಾಗಲಿ



ಖಾಸಗಿ ಕಂಪನಿಯೊಂದರ ಮೈಸೂರು ಕಚೇರಿಯಲ್ಲಿ ಮಾನವ ಸಂಪನ್ಮೂಲ ವಿಭಾಗದಲ್ಲಿದ್ದ ನನ್ನ ಅಣ್ಣನ ಮಗಳನ್ನು ಅದೇ ಸಂಬಳದ ಮೇಲೆ ಬೆಂಗಳೂರಿಗೆ ವರ್ಗ ಮಾಡಿದ್ದಾರೆ. ಕುವೆಂಪುನಗರದಲ್ಲಿ ಎರಡು ಕೋಣೆಯ ಮನೆಗೆ ಕೊಡುತ್ತಿದ್ದ ಬಾಡಿಗೆಗೆ ಇಲ್ಲಿ ಕುಮಾರ ಪಾರ್ಕ್, ಶೇಷಾದ್ರಿಪುರಂ, ಮಲ್ಲೇಶ್ವರ ಎಲ್ಲಿ ಹುಡುಕಿದರೂ ಒಂದು ಕೋಣೆಯ ಮನೆ ಸಿಗುತ್ತಿಲ್ಲ. ಸಿಕ್ಕ ಕಡೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೇಳುತ್ತಾರೆ. ಹೊಸದಾಗಿ ಬಂದವರು ಅಷ್ಟು ಹಣವನ್ನು ಸಾಲ ಮಾಡದೆ ಎಲ್ಲಿಂದ ತರಬೇಕು?

ದೊಡ್ಡ ಊರಿನಲ್ಲಿ ಖರ್ಚು ಹೆಚ್ಚೆಂಬುದನ್ನು ಸರ್ಕಾರ ಎಂದೋ ಒಪ್ಪಿದೆ. ಕೇಂದ್ರ ನೌಕರರ ಲೆಕ್ಕದಲ್ಲಿ ಬೆಂಗಳೂರು ‘ಎಕ್ಸ್’ ದರ್ಜೆಯ ನಗರ, ಮೈಸೂರು ‘ವೈ’ ದರ್ಜೆಯದು. ತುಟ್ಟಿಭತ್ಯೆ ಶೇ 50 ಮುಟ್ಟಿದ 2024ರ ಜನವರಿಯಿಂದ ಮನೆ ಬಾಡಿಗೆ ಭತ್ಯೆ ಇಲ್ಲಿ ಮೂಲ ವೇತನದ ಶೇ 30, ಅಲ್ಲಿ ಶೇ 20. ನಮ್ಮ ರಾಜ್ಯದ ಕನಿಷ್ಠ ವೇತನವೂ ವಲಯವಾರು ನಿಗದಿಯಾಗುತ್ತದೆ. ಕನಿಷ್ಠ ವೇತನಕ್ಕಿಂತ ಹೆಚ್ಚು ಪಡೆಯುವ ಖಾಸಗಿ ಕಚೇರಿಗಳ ಸಂಬಳದಾರರಿಗೆ ಮಾತ್ರ ಇಂಥ ಆಸರೆ ಇಲ್ಲ. ಎಲ್ಲರ ಸಂಬಳದ ಪಟ್ಟಿ ಸಿದ್ಧಪಡಿಸುವ ವಿಭಾಗದವರೇ ತಮ್ಮ ಪಾಲಿನದನ್ನು ಕೇಳಲು ಹಿಂಜರಿಯುವ ಸ್ಥಿತಿ ನಿಜಕ್ಕೂ ನೋವಿನದು.

ಉದ್ಯೋಗ ಜಾಹೀರಾತಿನಲ್ಲೂ ವರ್ಗಾವಣೆ ಪತ್ರದಲ್ಲೂ ಸಂಬಳದ ಜೊತೆಗೆ ಆ ಊರಿನ ಬಾಡಿಗೆ ಭತ್ಯೆಯನ್ನು ನಮೂದಿಸುವುದನ್ನು ಕಾರ್ಮಿಕ ಇಲಾಖೆ ಕಡ್ಡಾಯ ಮಾಡಬೇಕು. ಸಂದರ್ಶನಕ್ಕೆ ಮೊದಲೇ ಅಭ್ಯರ್ಥಿಗೆ ಸಂಬಳ ತಿಳಿಸಬೇಕೆಂದು ಐರೋಪ್ಯ ಒಕ್ಕೂಟ 2023ರಲ್ಲೇ ನಿಯಮ ಮಾಡಿದೆ. ಜೊತೆಗೆ, ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಠೇವಣಿಗೆ ಹಾಕಿರುವ ಎರಡು ತಿಂಗಳ ಮಿತಿಯನ್ನು ಬೆಂಗಳೂರಿನಲ್ಲಿ ಜಾರಿಗೆ ತರಲು ರಾಜ್ಯ ಸರ್ಕಾರ ಮುಂದಾಗಬೇಕೆಂದು ವಿನಂತಿ.

– ಓದುಗರೊಬ್ಬರು, ಕುಮಾರ ಪಾರ್ಕ್ ಪಶ್ಚಿಮ, ಬೆಂಗಳೂರು